ಆಕ್ಷನ್ ಸಿನಿಮಾವನ್ನು ಕಥನ ಸಿದ್ಧಾಂತದಿಂದ ಓದುವುದು ಹೇಗೆ? ಇಂಡಿಯಾನಾ ಜೋನ್ಸ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಆಕ್ಷನ್ ಸಿನಿಮಾದಲ್ಲಿ ಕಥೆ ಎಲ್ಲಿರುತ್ತೆ, ಬರೀ ಹೊಡೆದಾಟ ತಾನೇ, ಅಂತ ಕೇಳುವವರು ಬಹಳ ಜನ. ನನಗೆ ಅದು ಉಲ್ಟಾ ಕಾಣುತ್ತದೆ. ಮಾತು ಕಡಿಮೆ, ಓಟ ಜಾಸ್ತಿ ಇರುವ ಸಿನಿಮಾದಲ್ಲಿ ಯಾರು ಯಾರನ್ನು ಯಾಕೆ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅನ್ನುವುದು ಹಿಂದಿನ ಸಾಲಿನಲ್ಲಿ ಕೂತ ಮಗುವಿಗೂ ಗೊತ್ತಾಗಬೇಕು. ಎರಡು ಗಂಟೆ ಹೊತ್ತು ಒಂದು ನಿಮಿಷವೂ ದಾರಿ ತಪ್ಪಬಾರದು. ಅಂಥ ಸಿನಿಮಾಕ್ಕೆ ಕಥೆಯ ಕಟ್ಟು ಬಹಳ ಗಟ್ಟಿಯಾಗಿರಬೇಕು. ಕಥೆಗಳು ಹೇಗೆ ಕಟ್ಟಿಕೊಳ್ಳುತ್ತವೆ ಅಂತ ವಿವರಿಸುವ ಕಥನ ಸಿದ್ಧಾಂತ ಇಟ್ಟುಕೊಂಡು ಆ ಕಟ್ಟನ್ನು ಬಿಚ್ಚಿ ನೋಡುವುದು ಹೇಗೆ ಅನ್ನುವುದೇ ಈ ಬರಹ.

ಉದಾಹರಣೆಗೆ ಒಂದೇ ಸಿನಿಮಾ ಹಿಡಿದುಕೊಳ್ಳುತ್ತೇನೆ: 1981ರ 'ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್'. ಕಥೆ ಜಾರ್ಜ್ ಲ್ಯೂಕಾಸ್ ಮತ್ತು ಫಿಲಿಪ್ ಕಾಫ್‌ಮನ್ ಅವರದು, ಚಿತ್ರಕಥೆ ಲಾರೆನ್ಸ್ ಕ್ಯಾಸ್ಡನ್ ಅವರದು, ನಿರ್ದೇಶನ ಸ್ಟೀವನ್ ಸ್ಪೀಲ್‌ಬರ್ಗ್. 1936ನೇ ಇಸವಿ. ಪುರಾತತ್ವದ ಪ್ರೊಫೆಸರ್ ಇಂಡಿಯಾನಾ ಜೋನ್ಸ್‌ಗೆ ಅಮೆರಿಕದ ಸೇನಾ ಗುಪ್ತಚರರು ಒಂದು ಕೆಲಸ ಕೊಡುತ್ತಾರೆ. ಬೈಬಲ್ಲಿನಲ್ಲಿ ಬರುವ ಮೋಶೆಯ ಹತ್ತು ಆಜ್ಞೆಗಳ ಕಲ್ಲುಗಳನ್ನು ಇಟ್ಟಿದ್ದ ಪವಿತ್ರ ಪೆಟ್ಟಿಗೆಯನ್ನು ಹಿಟ್ಲರ್‌ನ ಜನ ಈಜಿಪ್ಟ್‌ನಲ್ಲಿ ಹುಡುಕುತ್ತಿದ್ದಾರೆ, ಅವರಿಗಿಂತ ಮೊದಲು ನೀನು ತರಬೇಕು ಅಂತ. ಸಿನಿಮಾಕ್ಕೆ ನಾಲ್ಕು ದಶಕ ದಾಟಿದೆ, ಹಾಗಾಗಿ ಕೊನೆಯನ್ನೂ ಬಿಚ್ಚಿ ಹೇಳುತ್ತೇನೆ. ನೋಡಿಲ್ಲದಿದ್ದರೆ ಮೊದಲು ನೋಡಿಕೊಂಡು ಬನ್ನಿ, ನಿಜವಾಗಲೂ.

ಶುರು ಮಾಡುವ ಮುಂಚೆ ಒಂದು ಮಾತು. ಸಿದ್ಧಾಂತ ಅಂದರೆ ಖಾಲಿ ಜಾಗ ಬಿಟ್ಟ ಅರ್ಜಿ ಫಾರಂ ಅಂದುಕೊಂಡು, ನಾಯಕ ಇವನು, ವಿಲನ್ ಅವನು, ಸಹಾಯಕ ಇನ್ನೊಬ್ಬ ಅಂತ ತುಂಬಿಸಿ ಮುಗಿಸಿಬಿಡುವುದನ್ನು ಕಾಲೇಜು ಅಸೈನ್‌ಮೆಂಟುಗಳಲ್ಲೂ ಯೂಟ್ಯೂಬ್ ವೀಡಿಯೊಗಳಲ್ಲೂ ತುಂಬಾ ನೋಡುತ್ತೇವೆ. ಎಲ್ಲ ಸಿನಿಮಾವೂ ಹೇಗೋ ಕೂರುತ್ತದೆ, ಕೂತ ಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ನಾನು ಹೇಳುವುದು ಬೇರೆ. ಚೌಕಟ್ಟು ಹಾಕಿ, ಆಮೇಲೆ ಸಿನಿಮಾ ಅದರಲ್ಲಿ ಎಲ್ಲಿ ಕೂರುತ್ತಿಲ್ಲ ಅಂತ ಹುಡುಕಿ. ನಿಮ್ಮ ಬರಹ ಹುಟ್ಟುವುದು ಆ ಜಾಗದಲ್ಲಿ.

ಹೆಜ್ಜೆ 1: ಎರಡು ಸಲ ನೋಡಿ, ಎರಡನೇ ಸಲ ಪಟ್ಟಿ ಮಾಡಿ

ಮೊದಲ ಸಲ ಸುಮ್ನೆ ನೋಡಿ. ಪೆನ್ನು ಬೇಡ, ನಡುವೆ ನಿಲ್ಲಿಸುವುದೂ ಬೇಡ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಬೋರ್ ಹೊಡೆಯಿತು ಅನ್ನುವುದು ಮಾತ್ರ ನೆನಪಿರಲಿ.

ಎರಡನೇ ಸಲ ಒಂದು ನೋಟ್‌ಬುಕ್ಕೋ ಎಕ್ಸೆಲ್ ಶೀಟೋ ಇಟ್ಟುಕೊಳ್ಳಿ. ಜಾಗ ಬದಲಾದಾಗ ಅಥವಾ ಗುರಿ ಬದಲಾದಾಗ ಒಂದು ಹೊಸ ಸಾಲು. ಪ್ರತಿ ಸಾಲಿನಲ್ಲಿ ಇಷ್ಟು ಬರಲಿ: ಎಷ್ಟನೇ ನಿಮಿಷ, ಎಲ್ಲಿ, ಯಾರಿಗೆ ಏನು ಬೇಕು, ಅಡ್ಡ ಬಂದದ್ದು ಏನು, ಕೊನೆಗೆ ಸಿಕ್ಕಿತಾ ಇಲ್ವಾ. ಇನ್ನೆರಡು ಕಾಲಂ ನನ್ನ ಕಡೆಯಿಂದ ಸೇರಿಸಿ. ಒಂದು, 'ವಸ್ತು ಯಾರ ಕೈಲಿದೆ'. ಇನ್ನೊಂದು, 'ನನಗೆ ಗೊತ್ತು, ನಾಯಕನಿಗೆ ಗೊತ್ತಿಲ್ಲ'. ಸಾಹಸ ಸಿನಿಮಾಗಳಿಗೆ ಈ ಎರಡು ಕಾಲಂ ಬೇಕೇ ಬೇಕು.

'ರೈಡರ್ಸ್'ಗೆ 'ವಸ್ತು ಯಾರ ಕೈಲಿದೆ' ಕಾಲಂ ತುಂಬಿಸಿದರೆ ಏನಾಗುತ್ತದೆ ನೋಡಿ. ಶುರುವಿನಲ್ಲಿ ದಕ್ಷಿಣ ಅಮೆರಿಕದ ಗುಹೆಯಿಂದ ಚಿನ್ನದ ವಿಗ್ರಹ ಇಂಡಿ ಕೈಗೆ ಬರುತ್ತದೆ. ಉರುಳುವ ಬಂಡೆಯಿಂದ ಹೇಗೋ ತಪ್ಪಿಸಿಕೊಂಡು ಹೊರಗೆ ಬಂದರೆ ಫ್ರೆಂಚ್ ಪುರಾತತ್ವಜ್ಞ ಬೆಲ್ಲಾಕ್ ಅದನ್ನು ಕಿತ್ತುಕೊಳ್ಳುತ್ತಾನೆ. ಮುಂದೆ ಈಜಿಪ್ಟ್‌ನಲ್ಲಿ, ಹಾವು ತುಂಬಿದ ನೆಲಮಾಳಿಗೆಯಿಂದ ಪವಿತ್ರ ಪೆಟ್ಟಿಗೆಯನ್ನು ಇಂಡಿ ಎತ್ತುತ್ತಾನೆ, ಬೆಲ್ಲಾಕ್ ಕಿತ್ತುಕೊಳ್ಳುತ್ತಾನೆ. ಟ್ರಕ್ ಚೇಸ್‌ನಲ್ಲಿ ಇಂಡಿ ವಾಪಸ್ ಗಿಟ್ಟಿಸುತ್ತಾನೆ. ಹಡಗಿನಲ್ಲಿ ಮತ್ತೆ ನಾಜಿಗಳ ಪಾಲು. ಕಡೆಗೆ ನಾಜಿಗಳೆಲ್ಲ ಸತ್ತ ಮೇಲೆ ಸಿಕ್ಕಿತು ಅನ್ನುವಷ್ಟರಲ್ಲಿ ಅಮೆರಿಕ ಸರ್ಕಾರವೇ ಎತ್ತಿಕೊಂಡು ಹೋಗಿ ಗೋದಾಮಿಗೆ ಹಾಕುತ್ತದೆ.

ಅಂದರೆ ಕಷ್ಟಪಟ್ಟು ಗಳಿಸುವುದು, ಗಳಿಸಿದ ಕೂಡಲೇ ಕಳೆದುಕೊಳ್ಳುವುದು. ಮೊದಲ ಹತ್ತು ಹನ್ನೆರಡು ನಿಮಿಷದಲ್ಲಿ ನಡೆಯುವ ಚಿಕ್ಕ ಕಥೆಯೇ ಪೂರ್ತಿ ಸಿನಿಮಾದ ಅಚ್ಚು. ಈ ನಾಯಕ ಒಂದು ವಸ್ತುವನ್ನೂ ಉಳಿಸಿಕೊಳ್ಳುವುದಿಲ್ಲ! ಯಾವ ಸಿದ್ಧಾಂತದ ಹೆಸರನ್ನೂ ಎತ್ತದೆ, ಬರೀ ಪಟ್ಟಿಯಿಂದ ಇಷ್ಟು ಸಿಕ್ಕಿತು. ಹಾಗಾಗಿ ಈ ಹೆಜ್ಜೆಯನ್ನು ಮಾತ್ರ ಹಾರಿಸಬೇಡಿ.

ಹೆಜ್ಜೆ 2: ನಡೆದ ಕಥೆ ಬೇರೆ, ಹೇಳಿದ ಕಥೆ ಬೇರೆ

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ವಿಮರ್ಶಕರು ಮಾಡಿದ ವಿಂಗಡಣೆ ಇದು, ಇವತ್ತಿಗೂ ಅಷ್ಟೇ ಉಪಯೋಗ. ಘಟನೆಗಳು ಕಾಲಕ್ರಮದಲ್ಲಿ ಹೇಗೆ ನಡೆದವು ಅನ್ನುವುದು ಒಂದು. ಸಿನಿಮಾ ಅವನ್ನು ನಮಗೆ ಯಾವ ಕ್ರಮದಲ್ಲಿ, ಎಷ್ಟೆಷ್ಟು ಕೊಡುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ.

'ರೈಡರ್ಸ್' ಸಿನಿಮಾದೊಳಗಿನ ಲೆಕ್ಕದಲ್ಲಿ ಕಥೆ ಶುರುವಾಗುವುದು ಕ್ರಿ.ಪೂ. 980ರ ಸುಮಾರಿಗೆ. ಈಜಿಪ್ಟ್‌ನ ಫೇರೋ ಜೆರುಸಲೇಮ್‌ಗೆ ದಾಳಿ ಮಾಡಿ ಪೆಟ್ಟಿಗೆಯನ್ನು ಟಾನಿಸ್ ಊರಿಗೆ ಒಯ್ದಿರಬಹುದು, ಆಮೇಲೆ ಒಂದು ವರ್ಷ ಬೀಸಿದ ಮರಳುಗಾಳಿ ಆ ಊರನ್ನೇ ಮುಚ್ಚಿತು ಅಂತ. ಹತ್ತು ವರ್ಷದ ಹಿಂದೆ ಇಂಡಿ ತನ್ನ ಗುರುವಿನ ಮಗಳು ಮೇರಿಯನ್‌ಳ ಮನಸ್ಸು ಮುರಿದು ಹೋಗಿದ್ದ. ಇದರಲ್ಲಿ ಒಂದನ್ನೂ ಫ್ಲ್ಯಾಶ್‌ಬ್ಯಾಕ್ ಆಗಿ ತೋರಿಸುವುದಿಲ್ಲ. ಪುರಾಣದ ಭಾಗ ಕಾಲೇಜಿನಲ್ಲಿ ಒಂದೇ ದೃಶ್ಯದಲ್ಲಿ, ಬೋರ್ಡು ಮತ್ತು ಒಂದು ದಪ್ಪ ಪುಸ್ತಕದ ಚಿತ್ರ ಇಟ್ಟುಕೊಂಡು ಮುಗಿಯುತ್ತದೆ. ಆ ಚಿತ್ರದಲ್ಲಿ ಪೆಟ್ಟಿಗೆಯಿಂದ ಬೆಳಕು ಚಿಮ್ಮಿ ಸೈನಿಕರು ಬೀಳುತ್ತಿರುತ್ತಾರೆ. ಕ್ಲೈಮ್ಯಾಕ್ಸ್ ಏನು ಅಂತ ಆಗಲೇ ನಮಗೆ ತೋರಿಸಿಬಿಟ್ಟಿರುತ್ತಾರೆ. ಪ್ರೇಮದ ಭಾಗ ಮೇರಿಯನ್ ಇಂಡಿ ಮುಖಕ್ಕೆ ಕೊಡುವ ಒಂದೇ ಗುದ್ದಿನಲ್ಲಿ ತಿಳಿಯುತ್ತದೆ.

ನಿಮ್ಮ ಸಿನಿಮಾದಲ್ಲಿ ಕೇಳಬೇಕಾದದ್ದು: ಹಿಂದಿನ ಯಾವ ಸಂಗತಿಯನ್ನು ತೋರಿಸಿದರು, ಯಾವುದನ್ನು ಬಾಯಿಮಾತಲ್ಲಿ ಹೇಳಿದರು, ಯಾವುದನ್ನು ಕಡೆಯವರೆಗೂ ಬಚ್ಚಿಟ್ಟರು?

ಹೆಜ್ಜೆ 3: ಟೊಡೊರೊವ್‌ನ ಸಮತೋಲ

ಸಾಹಿತ್ಯ ಚಿಂತಕ ತ್ಸ್ವೆತಾನ್ ಟೊಡೊರೊವ್ ಹೇಳಿದ್ದು ಸರಳವಾಗಿದೆ. ಒಂದು ನೆಮ್ಮದಿಯ ಸ್ಥಿತಿ, ಅದನ್ನು ಕೆಡಿಸುವ ಘಟನೆ, ಕೆಟ್ಟಿದೆ ಅನ್ನುವ ಅರಿವು, ಸರಿಪಡಿಸುವ ಪ್ರಯತ್ನ, ಕೊನೆಗೆ ಹೊಸದೊಂದು ನೆಮ್ಮದಿ. ಕೊನೆಯದು ಮೊದಲಿನಂತೆಯೇ ಇರುವುದಿಲ್ಲ ಅನ್ನುವುದು ಮುಖ್ಯ.

ಇಂಡಿಯ ನೆಮ್ಮದಿಯ ಸ್ಥಿತಿ ಯಾವುದು? ಕಣ್ಣಿನ ರೆಪ್ಪೆ ಮೇಲೆ ಪ್ರೇಮದ ಮಾತು ಬರೆದುಕೊಂಡು ಬಂದ ಹುಡುಗಿ ಮುಂದಿನ ಬೆಂಚಿನಲ್ಲಿ ಕೂತಿರುವ ಆ ಕ್ಲಾಸ್‌ರೂಮಾ, ಬಂಡೆ ಉರುಳುವ ಗುಹೆಯಾ? ಕ್ಲಾಸಿನಲ್ಲಿ ಅವನು ತಡವರಿಸುತ್ತಾನೆ, ಗುಹೆಯಲ್ಲಿ ಆರಾಮಾಗಿದ್ದಾನೆ. ಸಾಹಸವೇ ಅವನ ಮಾಮೂಲಿ ಜೀವನ. ಹಾಗಾದರೆ ಸಮತೋಲ ಕೆಡುವುದು ಅವನದಲ್ಲ, ಲೋಕದ್ದು. ಸರಣಿಯಾಗಿ ಮುಂದುವರಿಯುವ ಆಕ್ಷನ್ ನಾಯಕರೆಲ್ಲರಿಗೂ ಈ ಗುಣ ಇರುತ್ತದೆ, ಅದಕ್ಕೇ ಅವರಿಗೆ ಎಷ್ಟು ಭಾಗ ಬೇಕಾದರೂ ಮಾಡಬಹುದು. ಕೊನೆಯ ಸಮತೋಲವನ್ನೂ ಅನುಮಾನದಿಂದ ನೋಡಿ. ವಾಷಿಂಗ್ಟನ್‌ನಲ್ಲಿ ಮೆಟ್ಟಿಲು ಇಳಿಯುವ ಇಂಡಿ ಸಿಟ್ಟಿನಲ್ಲಿದ್ದಾನೆ. ಲೋಕ ಉಳಿಯಿತು, ಅವನಿಗೆ ಬೇಕಾದದ್ದು ಸಿಗಲಿಲ್ಲ.

ಹೆಜ್ಜೆ 4: ಪ್ರಾಪ್‌ನ ಪಾತ್ರಗಳು ಮತ್ತು ಕಾರ್ಯಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಆಕ್ಷನ್ ಸಿನಿಮಾಗಳಿಗೆ ಇಷ್ಟು ಒಗ್ಗುವ ಸಿದ್ಧಾಂತ ಇನ್ನೊಂದಿಲ್ಲ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯಾದ ನೂರು ಮಾಂತ್ರಿಕ ಜನಪದ ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ. ಹೆಸರು, ಊರು, ಪ್ರಾಣಿ ಏನೇ ಬದಲಾದರೂ ಪಾತ್ರಗಳು ಮಾಡುವ ಕೆಲಸಗಳು ಅವೇ ಆಗಿರುತ್ತವೆ ಅಂತ ಅವನಿಗೆ ಕಂಡಿತು. ಅಂಥ 31 ಕಾರ್ಯಗಳನ್ನು ಪಟ್ಟಿ ಮಾಡಿದ. ಒಂದು ಕಥೆಯಲ್ಲಿ ಎಲ್ಲವೂ ಇರಬೇಕಿಲ್ಲ, ಆದರೆ ಇರುವವು ಅದೇ ಕ್ರಮದಲ್ಲಿ ಬರುತ್ತವೆ. ಕೆಲಸಗಳನ್ನು ಹಂಚಿಕೊಳ್ಳುವ ಪಾತ್ರಗಳು ಏಳು: ವಿಲನ್, ದಾನಿ, ಸಹಾಯಕ, ರಾಜಕುಮಾರಿ ಮತ್ತು ಅವಳ ತಂದೆ, ಕಳಿಸುವವನು, ನಾಯಕ, ಸುಳ್ಳು ನಾಯಕ.

ಮಾಡಬೇಕಾದದ್ದು ಹೀಗೆ. ಏಳು ಹೆಸರನ್ನು ಎಡಗಡೆ ಬರೆಯಿರಿ. ಬಲಗಡೆ ಪಾತ್ರದ ಹೆಸರು ಬರೆಯುವ ಬದಲು, ಆ ಕೆಲಸ ನಡೆಯುವ ದೃಶ್ಯ ಬರೆಯಿರಿ. ಇದರಿಂದ ಒಬ್ಬರೇ ಎರಡು ಮೂರು ಕೆಲಸ ಮಾಡುವುದು ಕಣ್ಣಿಗೆ ಬೀಳುತ್ತದೆ.

ಮೇರಿಯನ್ ನೋಡಿ. ನೇಪಾಳದ ಬಾರ್‌ನಲ್ಲಿ ಅವಳ ಕೊರಳಲ್ಲಿ ಪದಕ ಇದೆ, ಪೆಟ್ಟಿಗೆ ಎಲ್ಲಿದೆ ಅಂತ ತೋರಿಸುವ ಕೋಲಿನ ತುದಿಗೆ ಸಿಗಿಸುವ ಪದಕ. ಜನಪದ ಕಥೆಯಲ್ಲಿ ದಾನಿ ನಾಯಕನನ್ನು ಪರೀಕ್ಷೆ ಮಾಡಿ ಆಮೇಲೆ ಮಾಂತ್ರಿಕ ವಸ್ತು ಕೊಡುತ್ತಾನೆ. ಇವಳು ಗುದ್ದುತ್ತಾಳೆ, ಬೈಯುತ್ತಾಳೆ, ಇಂಡಿ ಕೊಟ್ಟ ದುಡ್ಡು ಇಟ್ಟುಕೊಂಡು ನಾಳೆ ಬಾ ಅನ್ನುತ್ತಾಳೆ. ಅಂದರೆ ದಾನಿ. ಬಾರ್ ಸುಟ್ಟ ಮೇಲೆ ನಾನೀಗ ನಿನ್ನ ಪಾಲುದಾರಳು ಅನ್ನುತ್ತಾಳೆ, ಸಹಾಯಕಿ ಆದಳು. ಕೈರೋದಲ್ಲಿ ಶತ್ರುಗಳು ಅವಳನ್ನು ಬುಟ್ಟಿ ಸಮೇತ ಹೊತ್ತುಕೊಂಡು ಹೋದಾಗ, ನಾಯಕ ಕಾಪಾಡಬೇಕಾದ ರಾಜಕುಮಾರಿ ಆದಳು. ಈ ಮೂರು ಕೆಲಸಗಳ ಕ್ರಮವನ್ನೇ ನೋಡಿದರೆ ಅವಳ ಬಲ ಹೇಗೆ ಇಳಿಯುತ್ತಾ ಹೋಗುತ್ತದೆ ಅಂತ ಕಾಣುತ್ತದೆ. ಮೇರಿಯನ್ ಬಗ್ಗೆ ಬರೆಯುವವರಿಗೆ ಇದೊಂದೇ ಸಾಕು, ಪೂರ್ತಿ ಪ್ರಬಂಧ ಆಗುತ್ತದೆ.

ಬೆಲ್ಲಾಕ್‌ನನ್ನು ವಿಲನ್ ಅಂತ ಬರೆದುಬಿಡುವುದು ಸುಲಭ. ಆದರೆ ಅವನು ಸುಳ್ಳು ನಾಯಕನ ಜಾಗಕ್ಕೆ ಹೆಚ್ಚು ಹೊಂದುತ್ತಾನೆ. ಸುಳ್ಳು ನಾಯಕ ಅಂದರೆ ನಾಯಕ ಮಾಡಿದ ಕೆಲಸ ನಾನು ಮಾಡಿದ್ದು ಅಂತ ಹೇಳಿಕೊಳ್ಳುವವನು. ಮೊದಲ ದೃಶ್ಯದಿಂದಲೇ ಅವನ ಕೆಲಸ ಅದೇ. ಓದು ಒಂದೇ, ಆಸೆ ಒಂದೇ, ಸ್ವಲ್ಪ ತಳ್ಳಿದರೆ ನೀನೂ ನನ್ನ ಹಾಗೇ ಆಗುತ್ತೀಯ ಅಂತ ಇಂಡಿಗೆ ಮುಖದ ಮೇಲೇ ಹೇಳುತ್ತಾನೆ.

ಈಗ ಎಲ್ಲಿ ಕೂರುವುದಿಲ್ಲ ನೋಡೋಣ. ಪ್ರಾಪ್‌ನ ಪಟ್ಟಿಯಲ್ಲಿ 16ನೆಯದು ಹೋರಾಟ, 17ನೆಯದು ನಾಯಕನ ಮೈಮೇಲೆ ಗುರುತು ಬೀಳುವುದು, 18ನೆಯದು ಗೆಲುವು. ಆಮೇಲೆ ಆ ಗುರುತಿನಿಂದಲೇ ನಾಯಕ ಯಾರು ಅಂತ ಜನ ಗುರುತಿಸುತ್ತಾರೆ. 'ರೈಡರ್ಸ್'ನಲ್ಲಿ ಗುರುತು ಬೀಳುವುದು ನಾಯಕನಿಗಲ್ಲ! ಉರಿಯುವ ಬಾರ್‌ನಲ್ಲಿ ಕಾದು ಕೆಂಪಾದ ಪದಕಕ್ಕೆ ಕೈ ಹಾಕಿದ ನಾಜಿ ಏಜೆಂಟ್ ಟೋಟ್‌ನ ಅಂಗೈಯಲ್ಲಿ ಅದರ ಅಚ್ಚು ಮೂಡುತ್ತದೆ. ಮುಂದೆ ಅವನು ಸೆಲ್ಯೂಟ್‌ಗೆ ಕೈ ಎತ್ತಿದಾಗ ನಮಗೆ ಆ ಸುಟ್ಟ ಗಾಯ ಕಾಣುತ್ತದೆ. ಗುರುತಿನ ಕೆಲಸ ಶತ್ರುವಿನ ಕೈಗೆ ಹೋಗಿದೆ, ಅದೂ ಅರ್ಧ ಗುರುತು. ಇನ್ನು 18ನೆಯ ಗೆಲುವು? ಕ್ಲೈಮ್ಯಾಕ್ಸ್‌ನಲ್ಲಿ ನಾಯಕನನ್ನು ಕಂಬಕ್ಕೆ ಕಟ್ಟಿಹಾಕಿರುತ್ತಾರೆ. ಗೆಲುವು ನಡೆಯುತ್ತದೆ, ಗೆದ್ದವನು ಇಂಡಿ ಅಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಕೊನೆಯ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಪ್ರಾಪ್ ಭಾರ ಅನ್ನಿಸಿದರೆ 1966ರಲ್ಲಿ ಭಾಷಾವಿಜ್ಞಾನಿ ಗ್ರೇಮಾಸ್ ಆ ಏಳು ಪಾತ್ರಗಳನ್ನು ಆರಕ್ಕೆ ಇಳಿಸಿದ: ಬಯಸುವವನು, ಬಯಸುವ ವಸ್ತು, ಕಳಿಸುವವನು, ಪಡೆಯುವವನು, ಸಹಾಯಕ, ವಿರೋಧಿ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು 'ಪಡೆಯುವವನು'. ಇಂಡಿ ಮ್ಯೂಸಿಯಂಗೆ ಅಂತ ಒಪ್ಪಿಕೊಂಡ, ಸಿಕ್ಕಿದ್ದು ಸರ್ಕಾರಕ್ಕೆ. ಕಳಿಸಿದವನೇ ಕೊನೆಗೆ ನುಂಗುವವನು.

ಜೋಸೆಫ್ ಕ್ಯಾಂಬೆಲ್‌ನ ನಾಯಕನ ಯಾತ್ರೆ (ಎಲ್ಲ ಪುರಾಣಗಳ ನಾಯಕರೂ ಒಂದೇ ಬಗೆಯ ಘಟ್ಟಗಳನ್ನು ದಾಟುತ್ತಾರೆ ಅನ್ನುವ ವಾದ) ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಂತರ್ಜಾಲದ ತುಂಬಾ ಅದೇ ಇದೆ. ಒಂದೇ ಸಂಗತಿ ಗಮನಿಸಿ. ಕರೆ ಬಂದಾಗ ನಾಯಕ ಮೊದಲು ಹಿಂಜರಿಯುತ್ತಾನೆ ಅನ್ನುವುದು ಅಲ್ಲಿನ ಒಂದು ಘಟ್ಟ. ಇಂಡಿ ಹಿಂಜರಿಯುವುದೇ ಇಲ್ಲ. ಹಿಂಜರಿಯುವವನು ಮ್ಯೂಸಿಯಂನ ಬ್ರೋಡಿ. ನೀನು ಇದುವರೆಗೆ ಹುಡುಕಿದ ಯಾವುದೂ ಇದರ ಹಾಗಲ್ಲ ಅಂತ ಎಚ್ಚರಿಸುತ್ತಾನೆ. ಇಂಡಿ ಮಾಟಮಂತ್ರ ಎಲ್ಲ ನಂಬಲ್ಲ ಅಂತ ನಕ್ಕು ಪಿಸ್ತೂಲನ್ನು ಸೂಟ್‌ಕೇಸಿಗೆ ಎಸೆಯುತ್ತಾನೆ. ಆ ನಗುವನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 5: ಯಾರಿಗೆ ಏನು ಗೊತ್ತು?

ಟೇಬಲ್ ಕೆಳಗೆ ಬಾಂಬು ಇರುವುದು ಪ್ರೇಕ್ಷಕನಿಗೆ ಗೊತ್ತಿಲ್ಲದೆ ಸಿಡಿದರೆ ಕೆಲವು ಸೆಕೆಂಡಿನ ಆಶ್ಚರ್ಯ, ಗೊತ್ತಿದ್ದು ಕಾಯುತ್ತಾ ಕೂತರೆ ಹದಿನೈದು ನಿಮಿಷದ ಆತಂಕ. ಥ್ರಿಲ್ಲರ್ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಕೊಡುತ್ತಿದ್ದ ವಿವರಣೆ ಇದು. ಇದರ ಜೊತೆಗೆ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್‌ನನ್ನು ಸೇರಿಸಿಕೊಳ್ಳಿ. 1970ರಲ್ಲಿ ಕಾದಂಬರಿಕಾರ ಬಾಲ್ಜಾಕ್‌ನ ಒಂದು ಕಥೆಯನ್ನು 561 ತುಣುಕು ಮಾಡಿ ಓದಿದವನು ಬಾರ್ತ್. ಓದುವಾಗ ಐದು ಸಂಕೇತಗಳನ್ನು ಬಳಸಿದ. ನಮಗೆ ಸದ್ಯಕ್ಕೆ ಎರಡು ಸಾಕು. ಒಂದು ಒಗಟಿನದು: ಪ್ರಶ್ನೆ ಎಬ್ಬಿಸಿ ಉತ್ತರವನ್ನು ತಡ ಮಾಡುವುದು. ಇನ್ನೊಂದು ಕ್ರಿಯೆಯದು: ಒಂದು ಕೆಲಸ ಶುರುವಾದರೆ ಅದು ಮುಗಿಯಲೇಬೇಕು ಅಂತ ನಮ್ಮನ್ನು ಕಾಯಿಸುವುದು.

ಎರಡೂ ಒಟ್ಟಿಗೆ ಓಡುವ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಕೈರೋದಲ್ಲಿ ಒಬ್ಬ ಮುದುಕರ ಮನೆ, ರಾತ್ರಿ. ಇಂಡಿ, ಅವನ ಗೆಳೆಯ ಸಲ್ಲಾ, ಪದಕದ ಬರಹ ಓದುತ್ತಿರುವ ಆ ಹಿರಿಯರು. ತಟ್ಟೆಯಲ್ಲಿ ಖರ್ಜೂರ. ಅದಕ್ಕೆ ವಿಷ ಹಾಕಿದ್ದನ್ನು ನಾವು ನೋಡಿದ್ದೇವೆ, ಅವರು ನೋಡಿಲ್ಲ. ಕೋಲು ಎಷ್ಟು ಉದ್ದ ಇರಬೇಕು ಅಂತ ಪದಕದ ಒಂದು ಬದಿಯಲ್ಲಿದೆ: ಆರು ಕದಂ. ಇಂಡಿ ಖರ್ಜೂರ ಕೈಗೆ ತಗೊಳ್ಳುತ್ತಾನೆ, ಬಾಯಿಗೆ ಹಾಕುವಷ್ಟರಲ್ಲಿ ಮಾತು ಮುಂದುವರಿಯುತ್ತದೆ. ಪದಕದ ಇನ್ನೊಂದು ಬದಿಯಲ್ಲಿ ಬರೆದಿದೆ, ಪೆಟ್ಟಿಗೆಯ ದೇವರ ಗೌರವಕ್ಕೆ ಒಂದು ಕದಂ ಕಡಿಮೆ ಮಾಡಿ ಅಂತ. ನಾಜಿಗಳ ಹತ್ತಿರ ಇರುವ ನಕಲು ಪದಕದಲ್ಲಿ ಒಂದೇ ಬದಿಗೆ ಬರಹ. ಅಂದರೆ ಅವರ ಕೋಲು ಉದ್ದ ಆಯಿತು, ಅವರು ಅಗೆಯುತ್ತಿರುವ ಜಾಗ ತಪ್ಪು! ಖುಷಿಯಲ್ಲಿ ಇಂಡಿ ಖರ್ಜೂರವನ್ನು ಮೇಲಕ್ಕೆ ಎಸೆದು ಬಾಯಿ ತೆರೆಯುತ್ತಾನೆ. ಸಲ್ಲಾ ಗಾಳಿಯಲ್ಲೇ ಹಿಡಿಯುತ್ತಾನೆ. ಅದೇ ಖರ್ಜೂರ ತಿಂದ ಕೋತಿಯೊಂದು ನೆಲದ ಮೇಲೆ ಸತ್ತು ಬಿದ್ದಿದೆ.

ಏನು ನಡೆಯಿತು ಇಲ್ಲಿ? ಅಳತೆ, ಬರಹ, ಲೆಕ್ಕ ಅಂತ ಒಣಗಿದ ಮಾಹಿತಿ ಕೊಡಬೇಕಾದ ದೃಶ್ಯ ಇದು, ಸುಮ್ನೆ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ವಿಷದ ಖರ್ಜೂರ ಇರುವುದರಿಂದ ನಮ್ಮ ಕಣ್ಣು ಇಂಡಿಯ ಕೈ ಬಿಟ್ಟು ಕದಲುವುದಿಲ್ಲ, ಕಿವಿಗೆ ಮಾತ್ರ ಲೆಕ್ಕ ಇಳಿಯುತ್ತಿರುತ್ತದೆ. ಖರ್ಜೂರದಲ್ಲಿ ನಮಗೆ ನಾಯಕನಿಗಿಂತ ಜಾಸ್ತಿ ಗೊತ್ತು, ಪದಕದಲ್ಲಿ ಅವನಷ್ಟೇ ಗೊತ್ತು. ಎರಡು ಎಳೆಯೂ ಒಂದೇ ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತವೆ. ನಾಜಿಗಳ ಪದಕದಲ್ಲಿ ಒಂದೇ ಬದಿ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಟೋಟ್‌ನ ಅಂಗೈಯಲ್ಲಿದೆ.

ಕ್ರಿಯೆಯ ಸಂಕೇತವನ್ನು ಮುರಿಯುವುದಕ್ಕೂ ಇದೇ ಊರಿನಲ್ಲಿ ಉದಾಹರಣೆ ಇದೆ. ಕಪ್ಪು ಬಟ್ಟೆಯ ಕತ್ತಿವೀರ ಬಂದು ಕತ್ತಿ ತಿರುಗಿಸುತ್ತಾನೆ, ಜನ ಜಾಗ ಬಿಡುತ್ತಾರೆ, ಇಂಡಿ ಹತ್ತಿರ ಚಾಟಿ ಇದೆ, ದೊಡ್ಡ ಫೈಟು ಬರುತ್ತದೆ ಅಂತ ಕಾಯುತ್ತೇವೆ. ಇಂಡಿ ಪಿಸ್ತೂಲು ತೆಗೆದು ಒಂದೇ ಗುಂಡಿಗೆ ಮುಗಿಸುತ್ತಾನೆ. ಭರವಸೆ ಕೊಟ್ಟು ಮುರಿದಾಗಲೂ ಸುಖ ಸಿಗುತ್ತದೆ, ಅಲ್ವಾ?

ಹೆಜ್ಜೆ 6: ಫೈಟನ್ನು ಕಥೆಯಾಗಿ ಓದಿ

ವಿಮರ್ಶೆಗಳಲ್ಲಿ ಫೈಟು ಬಂದ ಕೂಡಲೇ 'ಅದ್ಭುತ ಸಾಹಸ ದೃಶ್ಯ' ಅಂತ ಬರೆದು ಮುಂದೆ ಹೋಗಿಬಿಡುತ್ತಾರೆ. ನನಗೆ ಇದು ಬಹಳ ಬೇಸರದ ವಿಷಯ. ಫೈಟಿಗೂ ಆರಂಭ, ತಿರುವು, ಕೊನೆ ಇರುತ್ತದೆ. ಮೂರು ಪ್ರಶ್ನೆ ಕೇಳಿ. ಫೈಟಿಗೆ ಮುಂಚೆ ಯಾರ ಹತ್ತಿರ ಏನಿತ್ತು, ಆದ ಮೇಲೆ ಏನಿದೆ? ನಡುವೆ ಮೇಲುಗೈ ಎಷ್ಟು ಸಲ ಬದಲಾಯಿತು? ಈ ಫೈಟು ಕಿತ್ತು ಹಾಕಿದರೆ ಕಥೆಯಲ್ಲಿ ಏನು ಕಳಚಿಕೊಳ್ಳುತ್ತದೆ?

ಟ್ರಕ್ ಚೇಸ್ ತಗೊಳ್ಳಿ. ಇಂಡಿ ಕುದುರೆಯಿಂದ ಓಡುವ ಟ್ರಕ್‌ಗೆ ಹಾರಿ ಡ್ರೈವರ್‌ನನ್ನು ಹೊರಗೆ ಎಸೆದು ಸೀಟು ಹಿಡಿಯುತ್ತಾನೆ. ಹಿಂದಿನಿಂದ ಸೈನಿಕರು ಎರಡೂ ಪಕ್ಕದಲ್ಲಿ ತೆವಳಿಕೊಂಡು ಬರುತ್ತಾರೆ. ತೋಳಿಗೆ ಗುಂಡು ಬೀಳುತ್ತದೆ. ಒಬ್ಬ ಒಳಗೆ ನುಗ್ಗಿ ಆ ಗಾಯದ ಮೇಲೇ ಗುದ್ದಿ ಗುದ್ದಿ ಇಂಡಿಯನ್ನು ಮುಂದಿನ ಗಾಜಿನಿಂದ ಹೊರಗೆ ತಳ್ಳುತ್ತಾನೆ. ಇಂಡಿ ಟ್ರಕ್ಕಿನ ಮೂತಿಗೆ ನೇತಾಡುತ್ತಾನೆ, ಕೆಳಗೆ ಜಾರಿ ಹೊಟ್ಟೆಯಡಿ ತೆವಳಿ ಹಿಂದಕ್ಕೆ ಹೋಗುತ್ತಾನೆ, ಚಾಟಿ ಸಿಕ್ಕಿಸಿಕೊಂಡು ಮಣ್ಣಲ್ಲಿ ಎಳೆಸಿಕೊಳ್ಳುತ್ತಾನೆ, ಮತ್ತೆ ಹತ್ತಿ ಮುಂದೆ ಬಂದು ಅದೇ ಸೈನಿಕನನ್ನು ಅದೇ ಗಾಜಿಲ್ಲದ ಕಿಂಡಿಯಿಂದ ಹೊರಗೆ ತಳ್ಳುತ್ತಾನೆ. ಸೀಟಿನಿಂದ ಮುಂದಕ್ಕೆ, ಕೆಳಕ್ಕೆ, ಹಿಂದಕ್ಕೆ, ಮೇಲಕ್ಕೆ, ಮತ್ತೆ ಸೀಟಿಗೆ: ವಾಹನದ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ. ಗಳಿಸುವುದು, ಕಳೆದುಕೊಳ್ಳುವುದು ಅನ್ನುವ ಸಿನಿಮಾದ ಅಚ್ಚು ಇಲ್ಲಿ ಒಂದು ಸೀಟಿನ ಅಳತೆಗೆ ಇಳಿದಿದೆ. ಇಷ್ಟೆಲ್ಲ ನಡೆಯುವಾಗ ಪೆಟ್ಟಿಗೆ ಟ್ರಕ್ಕಿನ ಹಿಂಭಾಗದಲ್ಲಿ ಅಲುಗದೆ ಕೂತಿದೆ ಅನ್ನುವುದು ನಮಗೆ ಒಂದು ಕ್ಷಣವೂ ಮರೆಯುವುದಿಲ್ಲ.

ಹೆಜ್ಜೆ 7: ಕಾಲ ಮತ್ತು ದನಿ

ಫ್ರೆಂಚ್ ಸಾಹಿತ್ಯ ಚಿಂತಕ ಜೆರಾರ್ ಜೆನೆತ್ ಕಥೆಯ ವೇಗವನ್ನು ನಾಲ್ಕು ಬಗೆ ಮಾಡುತ್ತಾನೆ: ನಿಲ್ಲುವುದು, ನಡೆದಷ್ಟೇ ಹೊತ್ತು ತೋರಿಸುವುದು, ಚುಟುಕಾಗಿ ಹೇಳುವುದು, ಹಾರಿಸುವುದು. ಭೂಪಟದ ಮೇಲೆ ವಿಮಾನದ ಕೆಂಪು ಗೆರೆ ಓಡುತ್ತದಲ್ಲ, ಅದು ಚುಟುಕು. ಹಾರಿಸಿದ್ದಕ್ಕೆ ಉದಾಹರಣೆ ಬೇಕಾದರೆ, ಇಂಡಿ ಈಜಿ ಹೋಗಿ ನಾಜಿಗಳ ಜಲಾಂತರ್ಗಾಮಿ ಹತ್ತುತ್ತಾನೆ, ಮುಂದಿನ ದೃಶ್ಯದಲ್ಲಿ ದ್ವೀಪದ ನೆಲೆ. ಅಷ್ಟು ದೂರ ಹೇಗೆ ಬಂದ? ಹೇಳುವುದೇ ಇಲ್ಲ. ವೇಗ ಇದ್ದಾಗ ಪ್ರೇಕ್ಷಕ ಏನನ್ನೆಲ್ಲ ಕೇಳದೆ ಬಿಡುತ್ತಾನೆ ಅಂತ ನಿಮ್ಮ ಪಟ್ಟಿಯಲ್ಲಿ ಗುರುತು ಹಾಕಿ.

'ಯಾರು ಹೇಳುತ್ತಿದ್ದಾರೆ' ಅನ್ನುವ ಪ್ರಶ್ನೆಗೆ 'ರೈಡರ್ಸ್' ಅಷ್ಟು ಒಳ್ಳೆಯ ಉದಾಹರಣೆ ಅಲ್ಲ, ಅಲ್ಲಿ ಕಥೆಗಾರನೇ ಇಲ್ಲ. ಇದಕ್ಕೆ ನಮ್ಮ 'ಕೆಜಿಎಫ್' ಬೇಕು. 2018ರ ಮೊದಲ ಭಾಗದಲ್ಲಿ ಸರ್ಕಾರ ನಿಷೇಧಿಸಿದ ಪುಸ್ತಕ ಬರೆದ ಪತ್ರಕರ್ತ ಆನಂದ್ ಇಂಗಳಗಿ ಟೀವಿ ಸಂದರ್ಶನದಲ್ಲಿ ಕೂತು ರಾಕಿಯ ಕಥೆ ಹೇಳುತ್ತಾರೆ. 2022ರ ಎರಡನೇ ಭಾಗದಲ್ಲಿ ಅವರ ಮಗ ವಿಜಯೇಂದ್ರ ಮುಂದುವರಿಸುತ್ತಾರೆ. ಅನಂತ್ ನಾಗ್ ದನಿಯಿಂದ ಪ್ರಕಾಶ್ ರಾಜ್ ದನಿಗೆ ಕಥೆ ಕೈ ಬದಲಾಗುತ್ತದೆ. ರಾಕಿ ತಾಯಿಗೆ ಮಾತು ಕೊಟ್ಟಾಗ ಈ ಪತ್ರಕರ್ತರು ಅಲ್ಲಿ ಇರಲಿಲ್ಲ. ಹಾಗಾದರೆ ನಾವು ನೋಡುತ್ತಿರುವುದು ರಾಕಿಯನ್ನೋ, ಜನರ ಬಾಯಲ್ಲಿ ಬೆಳೆದ ರಾಕಿಯನ್ನೋ? ಬಿಲ್ಡಪ್ ಜಾಸ್ತಿಯಾಯಿತು ಅಂತ ಬೈಯುವವರು ಇದನ್ನು ಗಮನಿಸಬೇಕು. ಕಥೆಗಾರನೇ ಒಂದು ಪಾತ್ರವಾದಾಗ ಬಿಲ್ಡಪ್ ಅವನ ದನಿಗೆ ಸೇರಿದ್ದು. ಹೆಚ್ಚು ಹೊತ್ತು ರಾಕಿಯನ್ನು ನೋಡಿ ಹೆದರಿದವರ, ನಂಬಿದವರ ಕಣ್ಣಿನಲ್ಲೇ ಅವನನ್ನು ನೋಡುತ್ತೇವೆ. ನಿಮ್ಮ ಸಿನಿಮಾದಲ್ಲಿ ಕಥೆಗಾರ ಇದ್ದರೆ, ಅವನು ಕಣ್ಣಾರೆ ನೋಡಿರಲು ಸಾಧ್ಯವೇ ಇಲ್ಲದ ದೃಶ್ಯಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ.

ಹೆಜ್ಜೆ 8: ಸಿನಿಮಾ ಏನನ್ನು ನಿಮಗೆ ಗೊತ್ತಿದೆ ಅಂದುಕೊಂಡಿದೆ?

ಬಾರ್ತ್‌ನ ಇನ್ನೊಂದು ಸಂಕೇತ ಸಂಸ್ಕೃತಿಯದು. ಇದು ಎಲ್ಲರಿಗೂ ಗೊತ್ತಿರುವುದೇ ಅಂತ ಕಥೆ ಏನನ್ನು ವಿವರಿಸದೆ ಬಿಡುತ್ತದೆ ಅನ್ನುವುದು. ನಾಜಿ ಯೂನಿಫಾರಂ ಕಂಡ ಕೂಡಲೇ ಕೆಟ್ಟವನು ಯಾರು ಅಂತ ಹೇಳಬೇಕಾಗಿಲ್ಲ. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಹೇಳುವ ಜೋಡಿ ವಿರೋಧಗಳನ್ನೂ ಇಲ್ಲೇ ಬರೆದುಕೊಳ್ಳಿ: ವಿಜ್ಞಾನ ಮತ್ತು ನಂಬಿಕೆ, ಮ್ಯೂಸಿಯಂ ಮತ್ತು ಮಾರುಕಟ್ಟೆ, ಅಗೆಯುವುದು ಮತ್ತು ಹೂಳುವುದು.

ಈ ಸಂಕೇತದ ಬಲ ಗೊತ್ತಾಗಬೇಕಾದರೆ 1984ರ 'ಟೆಂಪಲ್ ಆಫ್ ಡೂಮ್' ನೋಡಿ. ಕಥೆ 1935ರ ಭಾರತದಲ್ಲಿ, ಚಿತ್ರೀಕರಣ ಶ್ರೀಲಂಕಾದಲ್ಲಿ, ವಿಲನ್ ಅಮರೀಶ್ ಪುರಿ. ಪ್ರಾಪ್ ಲೆಕ್ಕದಲ್ಲಿ ಕಥೆ ಬಹಳ ಶುದ್ಧವಾಗಿದೆ. ಹಳ್ಳಿಯ ಪವಿತ್ರ ಕಲ್ಲು ಕಳುವಾಗಿದೆ, ಮಕ್ಕಳು ಕಾಣೆಯಾಗಿದ್ದಾರೆ, ಹಳ್ಳಿಯವರು ಕಳಿಸುತ್ತಾರೆ, ನಾಯಕ ತರುತ್ತಾನೆ. ಆದರೆ ಅರಮನೆಯ ಊಟದಲ್ಲಿ ಕೋತಿಯ ಮಿದುಳು, ಕಣ್ಣಿನ ಸೂಪು ಬರುತ್ತವೆ, ಕಾಳಿ ವಿಲನ್‌ನ ದೇವತೆ ಆಗುತ್ತಾಳೆ. ಊರಲ್ಲಿ ಕಾಳಮ್ಮನ ಜಾತ್ರೆಗೆ ಹೋಗಿ ಬೆಳೆದವರಿಗೆ ಆ ಸಿನಿಮಾ ಅಂದುಕೊಂಡ 'ಎಲ್ಲರಿಗೂ ಗೊತ್ತು' ಅನ್ನುವುದು ಅಲ್ಲೇ ಮುರಿದು ಬೀಳುತ್ತದೆ. ಕಟ್ಟು ಸರಿ ಇದೆ, ನಮಗೆ ಒಳಗೆ ಕೂರಲು ಜಾಗ ಇಲ್ಲ. ಇದು ನೋವಿನ ವಿಷಯ, ಹಾಗಂತಲೇ ಬರೆಯಿರಿ. ಅದೇ ಕಣ್ಣಿಂದ 'ರೈಡರ್ಸ್'ಗೆ ವಾಪಸ್ ಬಂದು, ನೇಪಾಳದಲ್ಲಿ ಈಜಿಪ್ಟ್‌ನಲ್ಲಿ ಎಷ್ಟು ಜನ ಸ್ಥಳೀಯರಿಗೆ ಹೆಸರಿದೆ ಅಂತ ನೋಡಿ.

ಹೆಜ್ಜೆ 9: ನಿಮ್ಮ ವಾದ ಕಟ್ಟಿ

ಈಗ ಕೂರದೆ ಉಳಿದವನ್ನೆಲ್ಲ ಒಟ್ಟಿಗೆ ಹಾಕಿ. ನಾ ಉಳಿಸಿಕೊಂಡದ್ದು ಇಷ್ಟು: ನಾಯಕ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ, ಗುರುತು ಶತ್ರುವಿಗೆ ಬೀಳುತ್ತದೆ, ಗೆಲುವಿನ ಹೊತ್ತಿಗೆ ನಾಯಕ ಕಂಬಕ್ಕೆ ಕಟ್ಟಿಸಿಕೊಂಡಿರುತ್ತಾನೆ, ಶುರುವಿನಲ್ಲಿ ದೇವರ ಶಕ್ತಿಯ ಮಾತಿಗೆ ನಕ್ಕಿದ್ದ.

ಇಂಡಿ ಇಲ್ಲದಿದ್ದರೂ ಈ ಕಥೆ ಹೀಗೇ ಮುಗಿಯುತ್ತಿತ್ತು, ನಾಜಿಗಳು ಪೆಟ್ಟಿಗೆ ತೆಗೆದು ತಾವೇ ಸಾಯುತ್ತಿದ್ದರು, ಅನ್ನುವ ಟೀಕೆ ಬಹಳ ಹೆಸರುವಾಸಿ. ಕಾರಣಗಳ ಸರಪಳಿ ಹಿಡಿದು ಉತ್ತರಿಸಬಹುದು. ಇಂಡಿ ಇಲ್ಲದಿದ್ದರೆ ಟೋಟ್‌ಗೆ ಪೂರ್ತಿ ಪದಕ ಸಿಗಬಹುದಿತ್ತು. ಇಂಡಿ ವಿಮಾನ ಸಿಡಿಸದಿದ್ದರೆ ಪೆಟ್ಟಿಗೆ ನೇರ ಬರ್ಲಿನ್ ದಾರಿ ಹಿಡಿಯುತ್ತಿತ್ತು. ಈ ಉತ್ತರ ಸರಿಯೇ, ಆದರೆ ನನಗೆ ಸಾಲದು.

ಕ್ಲೈಮ್ಯಾಕ್ಸ್‌ಗೆ ಸ್ವಲ್ಪ ಮುಂಚೆ ಇಂಡಿ ರಾಕೆಟ್ ಲಾಂಚರ್ ಹಿಡಿದು ಪೆಟ್ಟಿಗೆಯನ್ನೇ ಉಡಾಯಿಸುತ್ತೇನೆ ಅನ್ನುತ್ತಾನೆ. ಬೆಲ್ಲಾಕ್ ಅವನನ್ನು ಸರಿಯಾಗಿ ಓದುತ್ತಾನೆ. ಉಡಾಯಿಸು ನೋಡೋಣ, ಇದು ತೆರೆಯುವುದನ್ನು ನೋಡಬೇಕು ಅಂತ ನಿನಗೂ ಆಸೆ ಇದೆ ಅನ್ನುತ್ತಾನೆ. ಇಂಡಿ ಆಯುಧ ಇಳಿಸುತ್ತಾನೆ. ಅಂದರೆ ಸುಳ್ಳು ನಾಯಕನ ಆಸೆ, ನಿಜ ನಾಯಕನ ಆಸೆ ಎರಡೂ ಒಂದೇ: ನೋಡುವುದು. ಕೆಲವೇ ನಿಮಿಷದಲ್ಲಿ ಪೆಟ್ಟಿಗೆ ತೆರೆದಾಗ ಇಂಡಿ ಮೇರಿಯನ್‌ಗೆ ಕೂಗಿ ಹೇಳುವುದು ಕಣ್ಣು ಮುಚ್ಚು ಅಂತ. ಬೆಲ್ಲಾಕ್ ಕಣ್ಣು ತೆರೆದು ಸಾಯುತ್ತಾನೆ, ಇಂಡಿ ಕಣ್ಣು ಮುಚ್ಚಿ ಉಳಿಯುತ್ತಾನೆ. ಇಬ್ಬರನ್ನೂ ಬೇರೆ ಮಾಡುವುದು ಇದೊಂದೇ ಕೆಲಸ. ಓಡಿ, ಹಾರಿ, ಗುದ್ದಿ ಬಂದ ಆಕ್ಷನ್ ನಾಯಕನ ಮುಖ್ಯ ಕ್ರಿಯೆ ಏನೂ ಮಾಡದೆ ಇರುವುದು. ಪ್ರಾಪ್‌ನ 18ನೇ ಮನೆ ಖಾಲಿ ಉಳಿದದ್ದು ಬರವಣಿಗೆಯ ದೋಷ ಅಲ್ಲ, ಇಡೀ ಸಿನಿಮಾ ಆ ಖಾಲಿ ಜಾಗದ ಕಡೆಗೇ ಓಡಿದೆ. ಇದು ನನ್ನ ವಾದ. ಒಪ್ಪದವರು ಗೋದಾಮಿನ ದೃಶ್ಯ ಇಟ್ಟುಕೊಂಡು ಬೇರೆ ವಾದ ಕಟ್ಟಬಹುದು, ಅಲ್ಲಿ ಪೆಟ್ಟಿಗೆ ಮತ್ತೆ ಹೂಳಿಹೋಗುತ್ತದೆ.

ಬರೆಯುವಾಗ ಇಷ್ಟು ನೆನಪಿಡಿ. ಕಥೆಯ ಸಾರಾಂಶ ಒಂದು ಪ್ಯಾರಾ ದಾಟಬಾರದು. ಎಲ್ಲ ಸಿದ್ಧಾಂತಗಳನ್ನೂ ತುರುಕಬೇಡಿ, ನಿಮ್ಮ ವಾದಕ್ಕೆ ಕೆಲಸಕ್ಕೆ ಬಂದ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ನೋಟ್‌ಬುಕ್ಕಿನಲ್ಲೇ ಬಿಡಿ. ಒಂದು ದೃಶ್ಯವನ್ನಾದರೂ ಖರ್ಜೂರದ ದೃಶ್ಯ ಬಿಡಿಸಿದ ಹಾಗೆ ಪೂರ್ತಿ ಬಿಡಿಸಿ. ಸಿದ್ಧಾಂತಿಯ ಹೆಸರು ಬರುವ ಪ್ರತಿ ವಾಕ್ಯದ ಪಕ್ಕದಲ್ಲೇ ಸಿನಿಮಾದ ಒಂದು ವಿವರ ಇದೆಯಾ ಅಂತ ಪರೀಕ್ಷಿಸಿ, ಇಲ್ಲದಿದ್ದರೆ ಆ ವಾಕ್ಯ ತೆಗೆದುಹಾಕಿ. ಆಮೇಲೆ ಆ ಸಿನಿಮಾ ನೋಡಿರುವ ಒಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ ತಲೆಯಾಡಿಸುವುದು ನಿಲ್ಲಿಸಿ 'ಇಲ್ಲ, ಅಲ್ಲಿ ಹಾಗಾಗಲ್ಲ' ಅಂತ ಜಗಳಕ್ಕೆ ಬರುತ್ತಾರೋ, ಆ ದೃಶ್ಯವನ್ನು ಇನ್ನೊಂದು ಸಲ ಹಾಕಿ ನೋಡಿ.